ಕಾರಣ ಸಂಖ್ಯೆ ಮೂರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ನನ್ನ ಅಕ್ಕನಿಗೆ ಅದು ಹುಡುಕಿದರೂ ಸಿಗುವುದಿಲ್ಲ, ಹಾಗಾಗಿ ಅವಳ ಪಾಲಿನದನ್ನೂ ನಾನೇ ಮಾಡಿಕೊಳ್ಳಬೇಕಾಗಿದೆ. ಇಪ್ಪತ್ತೆರಡು ವರ್ಷ ಬೆಟ್ಟ ಹತ್ತಿಳಿದು ಮರ ಎಣಿಸಿದ ಹೆಂಗಸನ್ನು ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂರಿಸಿ, ನೀನು ಬೆಟ್ಟಕ್ಕೆ ಹೋಗದೆಯೇ ಲೆಕ್ಕ ಬರೆದಿದ್ದೀಯ ಎಂದರೆ ಯಾರಿಗಾದರೂ ಮೈ ಉರಿಯಬೇಕು. ಅವಳಿಗೆ ಉರಿಯಲಿಲ್ಲ. ನನಗೆ ಇವತ್ತಿಗೂ ಉರಿಯುತ್ತಿದೆ. ಯಾರ ಮೇಲೆ ಎನ್ನುವುದನ್ನು ಸ್ವಲ್ಪ ತಡೆದು ಹೇಳುತ್ತೇನೆ. ಅದು ಅಷ್ಟು ಸಲೀಸಾಗಿ ಬಾಯಿಗೆ ಬರುವ ಮಾತಲ್ಲ.

ನಾವಿಬ್ಬರೂ ಒಂದೇ ಕಚೇರಿಯವರು. ಉಪಗ್ರಹ ಕಳಿಸುವ ಚಿತ್ರಗಳಿಂದ ಕಾಡು, ಹುಲ್ಲುಗಾವಲು, ಹೊಲ ಎಲ್ಲಿ ಎಷ್ಟು ಹಸಿರಾಗಿವೆ ಎಂದು ಅಳೆಯುವ ಕಚೇರಿ. ಮೂರು ಅಂತಸ್ತಿನ ಕಟ್ಟಡ. ಮೇಲಿನ ಅಂತಸ್ತಿನಲ್ಲಿ ಚಿತ್ರ ನೋಡುವ ವಿಜ್ಞಾನಿಗಳು. ಅಲ್ಲಿ ಎಷ್ಟು ತಂಪೆಂದರೆ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತಾರೆ. ನಡುವಿನ ಅಂತಸ್ತಿನಲ್ಲಿ ನಾನು, ಕಂಪ್ಯೂಟರಿಗೆ ಅಂಕಿ ತುಂಬುವವಳು. ಕೆಳಗೆ ಉಗ್ರಾಣ, ಜೀಪು, ಕೆಸರು ಒಣಗಿದ ಬೂಟುಗಳು, ಮತ್ತು ಅಕ್ಕ. ಮೇಲಿನವರು ಕೆಳಗೆ ಬರುವುದು ಮನೆಗೆ ಹೋಗುವಾಗ ಮಾತ್ರ.

ಕೆಲಸದ ಗುಟ್ಟು ಇಷ್ಟೇ. ಜೀವ ಇರುವ ಎಲೆ ಕೆಂಪು ಬೆಳಕನ್ನು ನುಂಗುತ್ತದೆ, ನಮ್ಮ ಕಣ್ಣಿಗೆ ಕಾಣದ ಇನ್ನೊಂದು ಬೆಳಕನ್ನು ವಾಪಸು ಎಸೆಯುತ್ತದೆ. ಉಪಗ್ರಹ ಐದು ದಿನಕ್ಕೊಮ್ಮೆ ತಲೆಯ ಮೇಲೆ ಹಾದುಹೋಗುವಾಗ ಎರಡನ್ನೂ ಅಳೆದುಕೊಳ್ಳುತ್ತದೆ. ಅವನ್ನು ಕೂಡಿ, ಕಳೆದು, ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಬರಡು ನೆಲಕ್ಕೆ ಅದು ಸೊನ್ನೆಯ ಹತ್ತಿರ, ದಟ್ಟ ಹಸಿರಿಗೆ ಒಂದರ ಹತ್ತಿರ. ಒಳ್ಳೆಯ ವಿದ್ಯೆ, ನಾನು ಅದನ್ನು ಹಳಿಯುತ್ತಿಲ್ಲ. ಮನುಷ್ಯರು ವರ್ಷವಿಡೀ ಅಲೆದರೂ ಮುಗಿಯದ ಬೆಟ್ಟಸಾಲನ್ನು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ನೋಡಿ ಮುಗಿಸುತ್ತದೆ. ಆದರೆ ಮೇಲಿಂದ ಕಂಡದ್ದು ಸರಿಯೇ ಎಂದು ಕೆಳಗೆ ನಿಂತು ಹೇಳುವವರು ಒಬ್ಬರು ಬೇಕಲ್ಲ. ಆ ಒಬ್ಬಳು ಅಕ್ಕ.

ಬೆಟ್ಟಸಾಲಿನ ಉದ್ದಕ್ಕೂ ನಲವತ್ತು ತುಂಡು ಜಾಗಗಳನ್ನು ಕಬ್ಬಿಣದ ಗೂಟ ನೆಟ್ಟು ಗುರುತು ಮಾಡಿದ್ದರು. ಒಂದೊಂದಕ್ಕೂ ನಂಬರು. ವರ್ಷಕ್ಕೆ ಎರಡು ಸುತ್ತು ಅಕ್ಕ ನಲವತ್ತಕ್ಕೂ ಹೋಗಬೇಕು. ಬದುಕಿದ ಮರ ಎಷ್ಟು, ಸತ್ತದ್ದೆಷ್ಟು ಎಂದು ಎಣಿಸಬೇಕು. ಟೇಪು ಸುತ್ತಿ ದಪ್ಪ ಅಳೆಯಬೇಕು. ಒಂದು ಮೀಟರಿನ ಪೈಪಿನ ಚೌಕವನ್ನು ನೆಲದ ಮೇಲಿಟ್ಟು ಒಳಗಿನ ಸಸಿಗಳನ್ನು ಲೆಕ್ಕ ಹಾಕಬೇಕು. ಕೊನೆಗೆ ಗೇಣುದ್ದದ ಕೊಳವೆಯಲ್ಲಿ ಕಣ್ಣಿಟ್ಟು ಐವತ್ತು ಕಡೆ ನೆತ್ತಿಯ ಮೇಲಕ್ಕೆ ನೋಡಿ, ಮರದ ಎಲೆ ಕಂಡರೆ ಎಲೆ ಎಂದೂ, ಕಾಣದಿದ್ದರೆ ಬಯಲು ಎಂದೂ ಬರೆಯಬೇಕು. ಬಿಳಿ ಪೈಪಿನ ಆ ಚೌಕವನ್ನು ಅವಳು ಹೆಗಲಿಗೆ ತೂಗುಹಾಕಿಕೊಂಡು ಹೊರಟರೆ ಯಾರದೋ ಮನೆಯ ಕಿಟಕಿ ಕಿತ್ತುಕೊಂಡು ಓಡುತ್ತಿರುವ ಹಾಗೆ ಕಾಣುತ್ತಿದ್ದಳು. ಜೀಪಿನ ಚಾಲಕ ಅವಳಿಗೆ ಚೌಕದಮ್ಮ ಎಂದು ಹೆಸರಿಟ್ಟ. ಅದೇ ಕಾಯಂ ಆಯಿತು.

ಭಾವ ದರ್ಜಿ. ನಮ್ಮ ಬೀದಿಯ ತಿರುವಿನಲ್ಲಿ ಅವನ ಅಂಗಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಕ್ಕ ಅಲ್ಲಿಗೆ ಹೋಗಿ, ನೆನೆದರೂ ಹಿಗ್ಗದ ಟೇಪು ಬೇಕು ಎಂದಳಂತೆ. ಅವನು ಯಾರ ಅಳತೆಗೆ ಎಂದು ಕೇಳಿದ. ಮರದ ಅಳತೆಗೆ ಎಂದಳು. ಮೂರನೆಯ ಟೇಪಿನ ಹೊತ್ತಿಗೆ ಮದುವೆಯಾಯಿತು. "ಊರ್ ಮರದ ಸೊಂಟ ಎಲ್ಲಾ ಅಳೆದವಳು, ನನ್ನ ಸೊಂಟ ಎಷ್ಟು ಅಂತ ಇವತ್ತಿಗೂ ಕೇಳಿಲ್ಲ," ಎಂದು ಭಾವ ಬಂದವರಿಗೆಲ್ಲ ಹೇಳುತ್ತಾನೆ. ಅವರಿಬ್ಬರೂ ಮಹಡಿಯ ಮೇಲೆ, ನಾನು ಕೆಳಗೆ. ಒಲೆ ಮಾತ್ರ ಒಂದೇ.

ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿದವಳು ಅವಳು, ಮಗ್ಗಿ ಬಾಯಿಪಾಠ ಮಾಡಿಸಿದವಳು ಅವಳು, ಈ ಕಚೇರಿಗೆ ಅರ್ಜಿ ಬರೆಸಿದವಳೂ ಅವಳೇ. ಎಣಿಸುವುದೆಂದರೆ ಅವಳಿಗೆ ಚಿಕ್ಕಂದಿನಿಂದ ಒಂದು ಹುಚ್ಚು. ಮೆಟ್ಟಿಲು, ಜಂತೆ, ಶಾಲೆಯ ಗೋಡೆಯ ಇಟ್ಟಿಗೆ, ಎಲ್ಲ. ಒಮ್ಮೆ ಯಾರೋ ನಮ್ಮ ಮನೆಯ ಮೆಟ್ಟಿಲು ಹದಿನಾಲ್ಕು ಎಂದರು. ಹದಿನೈದು ಎಂದು ಅಕ್ಕ ಅವರನ್ನು ಕೈಹಿಡಿದು ಕರೆದುಕೊಂಡು ಹೋಗಿ ಎಣಿಸಿ ತೋರಿಸಿದಳು. ಜಗಳ ಆಡಲಿಲ್ಲ. ಬರೀ ತೋರಿಸಿದಳು. ಅವಳಿಗೆ ಗೊತ್ತಿರುವ ಜಗಳ ಅಷ್ಟೇ.

ಇನ್ನು ನನ್ನ ಕೆಲಸ. ಅಕ್ಕ ಬರೆದು ತಂದ ಹಾಳೆಗಳನ್ನು ನಾನು ಕಂಪ್ಯೂಟರಿಗೆ ತುಂಬುತ್ತೇನೆ. ಪಕ್ಕದಲ್ಲೇ ಅದೇ ಜಾಗದ ಉಪಗ್ರಹದ ಅಂಕಿ ಬಂದು ನಿಲ್ಲುತ್ತದೆ. ಎರಡೂ ಹತ್ತಿರವಿದ್ದರೆ ಸಾಲು ಹಾಗೇ ಇರುತ್ತದೆ. ತೀರಾ ದೂರವಾದರೆ ಸಾಲು ಕೆಂಪಾಗುತ್ತದೆ. ಕೆಂಪಾದ ಸಾಲಿಗೆ ಒಂದು ಕಾರಣ ಕೊಟ್ಟು ಬದಿಗಿಡಬೇಕು. ಕಾರಣಗಳು ಮೂರು. ಒಂದು, ಮೋಡ. ಎರಡು, ಜಾಗ ತಪ್ಪು. ಮೂರು, ನೋಡಿದವರ ತಪ್ಪು. ಅಷ್ಟೇ. ಚಿತ್ರದ ತಪ್ಪು ಎನ್ನುವ ಕಾರಣ ಆ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿ ಮಾಡಿದ ಪುಣ್ಯಾತ್ಮರ ತಲೆಗೆ ಅದು ಹೊಳೆದೇ ಇರಲಿಲ್ಲ. ಖಾಲಿ ಬಿಡೋಣವೆಂದರೆ ಕಂಪ್ಯೂಟರು ಮುಂದಿನ ಸಾಲಿಗೇ ಹೋಗುವುದಿಲ್ಲ, ಟಿಣ್ ಎಂದು ಕೂಗಿ ಅಲ್ಲೇ ಮೊಂಡು ಹಿಡಿದು ನಿಲ್ಲುತ್ತದೆ.

ಬೆಟ್ಟದ ಉತ್ತರದ ಇಳಿಜಾರಿನಲ್ಲಿ ಹನ್ನೊಂದು ಜಾಗಗಳಿವೆ. ಆ ಹನ್ನೊಂದೂ ಒಂದು ಸುತ್ತಿನಲ್ಲಿ ಕೆಂಪಾದವು. ಉಪಗ್ರಹದ ಪ್ರಕಾರ ಅಲ್ಲಿ ಹಸಿರು ಏರುತ್ತಿತ್ತು. ಅಕ್ಕನ ಹಾಳೆಯ ಪ್ರಕಾರ ಮರಗಳು ಸಾಯುತ್ತಿದ್ದವು, ಐವತ್ತರಲ್ಲಿ ಹತ್ತು ಕಡೆಯೂ ಎಲೆ ಇರಲಿಲ್ಲ. ಮೋಡ ಇರಲಿಲ್ಲ. ಗೂಟ ಅಲ್ಲೇ ಇತ್ತು, ಜಾಗವೂ ಸರಿ. ಉಳಿದದ್ದು ಮೂರು. ನಾನು ಮೂರು ಒತ್ತಿದೆ. ಮುಂದಿನ ಸುತ್ತಿನಲ್ಲೂ ಒತ್ತಿದೆ. ಅದರ ಮುಂದಿನದರಲ್ಲೂ. ಹನ್ನೊಂದು ಮೂರಲ ಮೂವತ್ತಮೂರು, ಅವಳೇ ಕಲಿಸಿದ ಮಗ್ಗಿ.

ಹಾಳೆಯಲ್ಲಿ ಹೆಸರು ಇರುವುದಿಲ್ಲ, ನೋಡಿದವರ ನಂಬರು ಮಾತ್ರ ಇರುತ್ತದೆ, ಹಾಗಾಗಿ ಯಾರದೆಂದು ನನಗೆ ತಿಳಿಯಲಿಲ್ಲ ಎಂದು ಇಲ್ಲಿ ಮೊದಲು ಬರೆದಿದ್ದೆ. ಹೊಡೆದುಹಾಕಿದ್ದೇನೆ. ಏಳನೆಯ ನಂಬರು ಅಕ್ಕನದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಿಂತ ಕೆಟ್ಟದ್ದನ್ನೂ ಹೇಳಿಬಿಡುತ್ತೇನೆ. ಆಗ ಎರಡು ವರ್ಷದಿಂದ ಅವಳಿಗೆ ಮಂಡಿನೋವು. ಮೆಟ್ಟಿಲನ್ನೇ ಕಷ್ಟಪಟ್ಟು ಹತ್ತುತ್ತಿದ್ದಳು. ಪಾಪ, ಉತ್ತರದ ಕಡಿದಾದ ಇಳಿಜಾರನ್ನು ಹತ್ತಲಾರದೆ ಕೆಳಗೇ ನಿಂತು ಅಂದಾಜಿಗೆ ಏನೋ ಗೀಚಿರಬೇಕು ಎಂದುಕೊಂಡೆ. ಯಾರಿಗೂ ಹೇಳದೆ ಮೂರು ಒತ್ತಿ ಬದಿಗಿಟ್ಟರೆ ಅವಳ ಮಾನ ಉಳಿಸಿದ ಹಾಗೆ ಎಂದೂ ಅಂದುಕೊಂಡೆ. ನೋಡಿ, ಎಂಥ ಒಳ್ಳೆಯ ತಂಗಿ.

ಆ ವರ್ಷ ದೊಡ್ಡವರು ವರದಿ ಕೊಟ್ಟರು. ದೊಡ್ಡವರು ಎಂದರೆ ನಮ್ಮ ಕಚೇರಿಯ ಮುಖ್ಯಸ್ಥರು. ಬೆಟ್ಟಸಾಲು ಚೇತರಿಸಿಕೊಂಡಿದೆ, ಉತ್ತರದ ಇಳಿಜಾರು ಬೇಸಿಗೆಯಲ್ಲೂ ಹಸಿರಾಗಿದೆ ಎಂದು ಕಡುಹಸಿರು ಬಣ್ಣದ ದೊಡ್ಡ ಭೂಪಟ ಮಾಡಿ ಬಾಗಿಲ ಎದುರಿಗೇ ತೂಗುಹಾಕಿಸಿದರು. ವರದಿಗೆ ಒಳ್ಳೆಯ ಹೆಸರು ಬಂತು. ಹೆಸರು ಬಂದ ಮೇಲೆ, ಇದರಲ್ಲಿ ಬದಿಗಿಟ್ಟ ಸಾಲುಗಳೆಷ್ಟು ಎಂದು ನಮ್ಮ ಕಚೇರಿಗೂ ಮೇಲಿನ ಕಚೇರಿಯವರು ಕೇಳಿದರು. ದೊಡ್ಡವರು ಪಟ್ಟಿ ತೆಗೆಸಿದರು. ಮೂರನೆಯ ಕಾರಣದವು ಮೂವತ್ತಮೂರು, ಎಲ್ಲ ಒಬ್ಬಳದೇ. ಕೈತೊಳೆದುಕೊಳ್ಳಲು ಅವರಿಗೆ ಅಷ್ಟು ಸಾಕಾಯಿತು.

ಅಕ್ಕನನ್ನು ಮೇಲೆ ಕರೆಸಿದರು. ದಾಖಲೆ ತುಂಬಿದವಳೆಂದು ನನ್ನನ್ನೂ ಕರೆಸಿದರು. ದೊಡ್ಡವರ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಗಿಡವಿದೆ, ಇಡೀ ಕಚೇರಿಯಲ್ಲಿ ಅದಕ್ಕಿಂತ ಹಸಿರಾದ ಗಿಡ ಇನ್ನೊಂದಿಲ್ಲ. ಪಕ್ಕದಲ್ಲಿ ಚಿತ್ರ ನೋಡುವ ಹೊಸ ವಿಜ್ಞಾನಿ ಕೂತಿದ್ದ. ದಪ್ಪ ಗಾಜಿನವನು, ನಾವು ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದೆವು.

"ಮೂವತ್ಮೂರು ತಪ್ಪು," ಎಂದರು ದೊಡ್ಡವರು. "ಬೆಟ್ಟಕ್ಕೆ ಹೋಗದೆ ಬರೆದ್ರೆ ಹೀಗೇ ಆಗೋದು. ನಿಮ್ಮ ಮಂಡಿ ವಿಷ್ಯ ನನಗೂ ಗೊತ್ತಿದೆ. ಒಪ್ಕೊಂಡ್ಬಿಡಿ, ಮರ್ಯಾದೆಯಿಂದ ಮನೆಗೆ ಕಳಿಸ್ತೀನಿ. ಇಲ್ಲಾಂದ್ರೆ ವಿಚಾರಣೆ ಆಗತ್ತೆ."

"ತಪ್ಪು ಅಂತ ಯಾರು ಹೇಳಿದ್ದು?" ಎಂದಳು ಅಕ್ಕ.

"ನಾನಲ್ಲಮ್ಮ. ದಾಖಲೆ ಹೇಳ್ತಿದೆ. ತುಂಬಿದ್ದು ನಿಮ್ಮ ತಂಗೀನೇ."

ಅಕ್ಕ ತಿರುಗಿ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹಾಳೆಯಲ್ಲಿ ಹೊಂದದ ಅಂಕಿ ಕಂಡಾಗ ಹುಬ್ಬು ಸ್ವಲ್ಪ ಮೇಲೆ ಮಾಡುತ್ತಾಳಲ್ಲ, ಹಾಗೆ ನೋಡಿದಳು. "ಬೇರೆ ನಂಬರ್ ಇರ್ಲಿಲ್ಲ" ಎಂದೆ. ಅದನ್ನು ಯಾರೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಹೋಗಿ ನೋಡೋಣ," ಎಂದಳು ಅಕ್ಕ. ಅಷ್ಟೇ. ಮೆಟ್ಟಿಲು ಹದಿನೈದು ಎಂದ ಹುಡುಗಿಯದೇ ದನಿ.

ದೊಡ್ಡವರಿಗೆ ಇಷ್ಟವಿರಲಿಲ್ಲ. ಆದರೆ ಕನ್ನಡಕ, "ನಾನೂ ಒಂದ್ಸಲ ಆ ಜಾಗ ನೋಡ್ಬೇಕಿತ್ತು ಸಾರ್," ಎಂದ. ಗುರುವಾರ ಬೆಳಿಗ್ಗೆ ನಮ್ಮ ನಾಲ್ವರನ್ನೂ ಹೊತ್ತು ಜೀಪು ಹೊರಟಿತು. ಹದಿನಾಲ್ಕು ವರ್ಷದಿಂದ ಆ ಬೆಟ್ಟದ ಮರಗಳನ್ನು ಕಂಪ್ಯೂಟರಿಗೆ ತುಂಬುತ್ತಿದ್ದ ನಾನು ಅವುಗಳಲ್ಲಿ ಒಂದನ್ನೂ ಕಂಡಿರಲಿಲ್ಲ. ಜೀಪು ನಿಂತ ಮೇಲೆ ಒಂದೂವರೆ ಗಂಟೆಯ ಹತ್ತುದಾರಿ. ಅಕ್ಕ ಬಲಗಾಲನ್ನು ಅಡ್ಡ ಇಟ್ಟು, ಬೇರು ಹಿಡಿದು, ನಿಲ್ಲದೆ ಹತ್ತಿದಳು. ನಾನು ಏದುಸಿರು ಬಿಡುತ್ತ ಮೂರು ಕಡೆ ಕೂತೆ. ಮಂಡಿನೋವಿನವಳು ಹತ್ತಿರಲಾರಳು ಎಂದುಕೊಂಡ ನನ್ನ ಜಾಣತನಕ್ಕೆ ಅಲ್ಲೇ ಒಂದು ಕಲ್ಲು ಎತ್ತಿ ತಲೆಗೆ ಹೊಡೆದುಕೊಳ್ಳುವಂತಾಯಿತು.

ಆ ಹನ್ನೊಂದರಲ್ಲಿ ಒಂದಾದ ಹದಿನೇಳನೆಯ ಜಾಗ ನೋಡಲು ಅದ್ಭುತವಾಗಿತ್ತು. ನೆಲದಿಂದ ಮರದ ತುದಿಯವರೆಗೆ ಹಸಿರಿನ ಗೋಡೆ, ಒಂದು ಬೆರಳು ತೂರುವಷ್ಟೂ ಸಂದಿಲ್ಲ. ದೊಡ್ಡವರ ಮುಖ ಅರಳಿತು. "ಇದನ್ನ ಸತ್ತಿದೆ ಅಂತ ಬರೆದಿದ್ದೀರಾ?" ಎಂದು ಕೇಳಿ, ಅದರ ಮುಂದೆ ನಿಂತು ಚಾಲಕನ ಕೈಯಲ್ಲಿ ಫೋಟೊ ತೆಗೆಸಿಕೊಂಡರು.

ಅಕ್ಕ ಚೀಲದಿಂದ ಕುಡುಗೋಲು ತೆಗೆದಳು. ಹಸಿರಿನಲ್ಲಿ ಬಾಗಿಲಿನಷ್ಟು ಜಾಗ ಕೊಯ್ದು, ಬಗ್ಗಿ ಒಳಗೆ ಹೋದಳು. ನಾವೂ ಹೋದೆವು. ಒಳಗೆ ಹಗಲಿನಲ್ಲೇ ಕತ್ತಲೆ. ಕೊಳೆತ ಚಾಪೆಯ ವಾಸನೆ. ಕಾಲ ಕೆಳಗೆ ಒಂದು ಸಸಿಯಿಲ್ಲ, ಹುಲ್ಲಿಲ್ಲ. ಸುತ್ತ ಬೂದಿಬಣ್ಣದ ಮರಗಳು ನಂಬರಿನ ತಗಡು ಹೊಡೆಸಿಕೊಂಡು ಸಾಲಾಗಿ ನಿಂತಿದ್ದವು. ಅಕ್ಕ ಒಂದರ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದಳು. ತೊಗಟೆ ರಟ್ಟಿನ ಹಾಗೆ ಕಳಚಿ ಅವಳ ಕಾಲ ಮೇಲೆ ಬಿತ್ತು. ಮರ ಯಾವಾಗಲೋ ಸತ್ತಿತ್ತು. ಅದರ ಮೇಲೆ ಹಬ್ಬಿದ ಬಳ್ಳಿ ಬದುಕಿತ್ತು, ಅಷ್ಟೇ.

ಅವಳು ಕೊಳವೆಯನ್ನು ಕನ್ನಡಕನ ಕೈಗೆ ಕೊಟ್ಟಳು. "ನೋಡಿ, ಏನು ಕಾಣತ್ತೆ?"

"ಎಲೆ."

"ಯಾರದ್ದು?"

ಅವನು ಎಲೆಯಿಂದ ತೊಟ್ಟಿಗೆ, ತೊಟ್ಟಿನಿಂದ ಕಾಂಡಕ್ಕೆ ಕಣ್ಣಲ್ಲೇ ಇಳಿದು ನೆಲಕ್ಕೆ ಬಂದ. ಬಳ್ಳಿಯದು. "ಮರದ್ದಲ್ಲ," ಎಂದ. ಐವತ್ತು ಕಡೆಯೂ ಅವನಿಂದಲೇ ನೋಡಿಸಿದಳು. ಮರದ ಎಲೆ ಸಿಕ್ಕಿದ್ದು ಆರು ಕಡೆ. ಅಕ್ಕ ತನ್ನ ಹಳೆಯ ಹಾಳೆಯ ಪ್ರತಿ ತೆಗೆದು ತೋರಿಸಿದಳು. ಅದರಲ್ಲೂ ಆರು. ನಾನು ನೋಡಿದವರ ತಪ್ಪು ಎಂದು ಬದಿಗಿಟ್ಟ ಆರು.

ಕನ್ನಡಕ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. "ಇವು ಬೇಸಿಗೇಲಿ ಎಲೆ ಉದುರಿಸೋ ಮರ ಸಾರ್," ಎಂದ. "ಬೇಸಿಗೇಲಿ ಇಲ್ಲಿ ಹಸಿರಿನ ಅಂಕಿ ಇಳೀಬೇಕಿತ್ತು. ಇಳೀಲಿಲ್ಲ. ಅನುಮಾನ ಬರ್ಬೇಕಿತ್ತು ನಮಗೆ. ನಾವು ಅದನ್ನೇ ಖುಷಿ ವಿಷ್ಯ ಅಂತ ವರದೀಲಿ ಬರೆದ್ವಿ."

ಈಗಲಾದರೂ ಈ ಮನುಷ್ಯ ತಪ್ಪಾಯಿತು ಎನ್ನುತ್ತಾರೆ ಎಂದು ನಾನು ದೊಡ್ಡವರ ಮುಖ ನೋಡುತ್ತಿದ್ದೆ. ಅವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಬಳ್ಳೀನೂ ಸಸ್ಯಾನೇ ಅಲ್ವೇನ್ರೀ," ಎಂದರು. "ನಮ್ಮ ವರದಿಯ ಹೆಸರು ಸಸ್ಯ ಹೊದಿಕೆ. ಹೊದಿಕೆ ಇದೆ."

ಜೀಪಿನಲ್ಲಿ ವಾಪಸು ಬರುವಾಗ ದೊಡ್ಡ ಮನಸ್ಸು ಮಾಡಿದರು. ವಿಚಾರಣೆ ಬೇಡ. ನಿವೃತ್ತಿಗೆ ಇನ್ನೆರಡು ವರ್ಷ, ಅಲ್ಲಿಯವರೆಗೆ ಅಕ್ಕ ಇದೇ ಕೆಲಸದಲ್ಲಿ ಇರಬಹುದು. ಉತ್ತರದ ಹನ್ನೊಂದು ಜಾಗಗಳನ್ನು ಮಾತ್ರ ಮುಚ್ಚಿಬಿಡೋಣ, ಅಲ್ಲಿಗೆ ಉಪಗ್ರಹವೇ ಸಾಕು. ಮೂವತ್ತಮೂರು ಸಾಲು ಹೇಗಿವೆಯೋ ಹಾಗೆ ಕಡತದಲ್ಲಿ ಮಲಗಿರಲಿ, ಯಾರು ತೆಗೆದು ಓದುತ್ತಾರೆ. ಇಷ್ಟನ್ನೂ ಉಪಕಾರ ಮಾಡುವವರ ದನಿಯಲ್ಲಿ ಹೇಳಿದರು.

ಮನೆಗೆ ಬಂದು ನಾನು ಬಾಯಿಗೆ ಬಂದದ್ದೆಲ್ಲ ಆಡಿದೆ. ಎಮ್ಮೆ ಚರ್ಮದವನು ಎಂದೆ, ತಿಪ್ಪೆ ಸಾರಿಸುವವನು ಎಂದೆ, ಪ್ಲಾಸ್ಟಿಕ್ ಗಿಡಕ್ಕೂ ಹಸಿರಿನ ಅಂಕಿ ಕೊಡುವ ಗಿರಾಕಿ ಎಂದೆ. ಭಾವ ಅಂಗಡಿ ಮುಚ್ಚಿ ಬಂದವನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಅಕ್ಕ ಹಿತ್ತಲ ಕಲ್ಲಿನ ಮೇಲೆ ಕೂತು ಚೌಕಕ್ಕೆ ಅಂಟಿದ ಮಣ್ಣನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ತಲೆಯೆತ್ತದೆ ಕೇಳಿದಳು:

"ದಿನಾ ಒಟ್ಟಿಗೆ ಕೂತು ಊಟ ಮಾಡ್ತೀವಲ್ಲ. ಮೂವತ್ಮೂರು ಸಲ ಒತ್ತಿದ್ಯಲ್ಲ. ಒಂದೇ ಒಂದ್ಸಲ, ಅಕ್ಕ, ಇದು ಹೀಗ್ಯಾಕಿದೆ ಅಂತ ಕೇಳ್ಬಾರ್ದಿತ್ತಾ?"

ನಿನ್ನ ಮಂಡಿ, ಎಂದೇನೋ ಶುರುಮಾಡಿದೆ. ಅವಳು ಕೈ ಅಡ್ಡ ಮಾಡಿದಳು. "ನಾನು ಮೋಸ ಮಾಡಿದೀನಿ ಅಂದ್ಕೊಂಡೆ," ಎಂದಳು. "ನೀನೂ." ಆಮೇಲೆ ಚೌಕವನ್ನು ಮೊಳೆಗೆ ನೇತುಹಾಕಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಡುತ್ತ ಮೇಲೆ ಹೋದಳು. ಅಂದಿನಿಂದ ಅವಳು ಮೇಲೆಯೇ ಊಟ ಮಾಡತೊಡಗಿದಳು. ತಟ್ಟೆ ಒಯ್ಯಲು ಬರುತ್ತಿದ್ದ ಭಾವ ನನ್ನ ಮುಖ ನೋಡುತ್ತಿರಲಿಲ್ಲ.

ಮರುದಿನ ಕಚೇರಿಯಲ್ಲಿ ನಾನು ಮಾಡಿದ ಮೊದಲ ಕೆಲಸ, ಆ ಮೂವತ್ತಮೂರು ಹಾಳೆಗಳನ್ನು ಕಟ್ಟಿನಿಂದ ಬಿಚ್ಚಿದ್ದು. ಹಾಳೆಯ ಅಂಚಿನಲ್ಲಿ ಅಕ್ಕ ಸಣ್ಣ ಅಕ್ಷರದಲ್ಲಿ ಏನಾದರೂ ಬರೆಯುತ್ತಾಳೆ, ಯಾವಾಗಲೂ. ಕಂಪ್ಯೂಟರಿನಲ್ಲಿ ಅಂಚಿಗೆ ಖಾನೆಯಿಲ್ಲ, ಅದಕ್ಕೇ ನಾನು ಅದನ್ನು ಓದುವ ಗೊಡವೆಗೆ ಹೋಗುತ್ತಿರಲಿಲ್ಲ. ಈಗ ಓದಿದೆ. "ಎಲೆ ಇದೆ, ಮರದ್ದಲ್ಲ." ಎಲ್ಲ ಹಾಳೆಯಲ್ಲೂ ಅದೇ. "ಎಲೆ ಇದೆ, ಮರದ್ದಲ್ಲ." ಮೂರನೆಯ ಸುತ್ತಿನ ಹಾಳೆಗಳಲ್ಲಿ ಇನ್ನೊಂದು ಸಾಲು ಸೇರಿತ್ತು. "ದಯವಿಟ್ಟು ಯಾರಾದರೂ ಬಂದು ನೋಡಿ."

ಆ ಹಾಳೆಗಳು ಅವಳ ಕೈಯಿಂದ ನೇರ ನನ್ನ ಕೈಗೆ ಬರುತ್ತವೆ. ನಡುವೆ ಯಾರೂ ಇಲ್ಲ. ಅವಳು ಯಾರಾದರೂ ಎಂದು ಬರೆದದ್ದು ಯಾರಿಗೆ ಎಂದು ಯೋಚಿಸಿದಾಗ ನನಗೆ ಬಂದ ಕೋಪ, ಆವತ್ತಿನವರೆಗೆ ದೊಡ್ಡವರ ಮೇಲೆ ಬಂದಿದ್ದ ಕೋಪವನ್ನೆಲ್ಲ ಮಕ್ಕಳಾಟ ಮಾಡಿತು. ಯಾರ ಮೇಲೆ ಎಂದು ಈಗ ಗೊತ್ತಾಯಿತಲ್ಲ.

ಒಂದು ಕಾಗದ ಬರೆದೆ. ಮೂವತ್ತಮೂರು ಸಾಲುಗಳಲ್ಲಿ ನೋಡಿದವರ ತಪ್ಪಿಲ್ಲ, ನೋಡದೆ ಕಾರಣ ತುಂಬಿದ ನನ್ನ ತಪ್ಪು, ಆ ಸಾಲುಗಳನ್ನು ವಾಪಸು ಲೆಕ್ಕಕ್ಕೆ ಸೇರಿಸಬೇಕು ಎಂದು ಸಹಿ ಹಾಕಿ ದೊಡ್ಡವರ ಮೇಜಿನ ಮೇಲೆ ಇಟ್ಟೆ. ಅವರು ಎರಡು ಸಲ ಓದಿ, ಕಾಗದವನ್ನು ಒಂದು ಬೆರಳಿನಿಂದ ನನ್ನ ಕಡೆಗೇ ತಳ್ಳಿದರು.

"ಇದು ಕಡತಕ್ಕೆ ಹೋದ್ರೆ ವರದೀನೇ ಮತ್ತೆ ತೆರೀಬೇಕಾಗತ್ತೆ. ವರದಿ ತೆರೆದ್ರೆ ನಿಮ್ಮಕ್ಕನ ವಿಚಾರಣೇನೂ ತೆರೆಯತ್ತೆ. ನಾನು ಕೊಟ್ಟ ಮಾತು ಮುಗೀತು ಆಮೇಲೆ. ಅವರ ಎರಡು ವರ್ಷಾನ ನೀವೇ ಹಾಳ್ಮಾಡ್ತೀರಾ? ಯೋಚ್ನೆ ಮಾಡಿ."

ಅಲ್ಲೇ ಕೊಟ್ಟು ಬರುವಷ್ಟು ಉರಿ ಇತ್ತು. ಆದರೆ ಅದು ಅಕ್ಕನ ಎರಡು ವರ್ಷ, ನನ್ನದಲ್ಲ. ಕಾಗದ ಹಿಡಿದು ಕೆಳಗಿಳಿದೆ. ಅವಳು ಉಗ್ರಾಣದ ಮುಂದೆ ಬೂಟು ತೊಳೆಯುತ್ತಿದ್ದಳು. ಮೊದಲು ಕಾಗದ ಓದಿಸಿದೆ, ಆಮೇಲೆ ದೊಡ್ಡವರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. "ಕೊಟ್ರೆ ನಿನ್ನನ್ನ ಬೆಟ್ಟದಿಂದ ತೆಗೀತಾರೆ. ಕೊಡ್ದಿದ್ರೆ ನೀನು ಕಳ್ಳಲೆಕ್ಕದವಳಾಗೇ ಉಳೀತೀಯ. ಏನ್ಮಾಡ್ಲಿ, ಹೇಳು."

ಅವಳು ಬೂಟನ್ನು ತಲೆಕೆಳಗೆ ಮಾಡಿ ನೀರು ಸುರಿದಳು. ಬೆಟ್ಟ ಬಿಡುವುದು ಅವಳಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು. ನಲವತ್ತು ಜಾಗದ ಮರಗಳೂ ನಂಬರಿನ ಸಮೇತ ಅವಳಿಗೆ ಬಾಯಿಪಾಠ. ಬೂಟನ್ನು ಗೋಡೆಗೆ ಒರಗಿಸಿಟ್ಟು, ನನ್ನನ್ನು ನೋಡಿದಳು.

"ಈ ಸಲ ಕೇಳಿದ್ಯಲ್ಲ," ಎಂದಳು. "ಹೋಗು, ಕೊಡು."

ಕಾಗದ ಕಡತ ಸೇರಿತು, ವಿಚಾರಣೆಗೆ ಮೇಲಿನ ಕಚೇರಿಯಿಂದ ಇಬ್ಬರು ಬಂದರು. ನಾಲ್ಕು ತಿಂಗಳು ಹಿಡಿಯಿತು. ಕನ್ನಡಕ ಹದಿನೇಳನೆಯ ಜಾಗದಲ್ಲಿ ತಾನು ಕಂಡದ್ದನ್ನು ಹೇಳಿ ಬರೆದುಕೊಟ್ಟ, ಅಷ್ಟರ ಮಟ್ಟಿಗೆ ಗಂಡಸು. ಅಕ್ಕನ ಮೂವತ್ತಮೂರು ತಪ್ಪುಗಳನ್ನು ಹೊಡೆದುಹಾಕಿದರು. ಯಾರೂ ಕ್ಷಮೆ ಕೇಳಲಿಲ್ಲ. ಮಂಡಿನೋವಿನ ಕಾರಣ ಕೊಟ್ಟು ಅವಳನ್ನು ಉಗ್ರಾಣದಲ್ಲಿ ಕೂರಿಸಿದರು. ದೊಡ್ಡವರು ಇನ್ನೂ ದೊಡ್ಡ ಕಚೇರಿಗೆ ಹೋದರು, ಪ್ಲಾಸ್ಟಿಕ್ ಗಿಡದ ಸಮೇತ. ಭೂಪಟದಲ್ಲಿ ಉತ್ತರದ ಇಳಿಜಾರಿಗೆ ಕಂದು ಬಣ್ಣ ಬಂತು. ಕಾರಣಗಳ ಪಟ್ಟಿಗೆ ನಾಲ್ಕನೆಯದು ಸೇರಿತು: ಚಿತ್ರದ ತಪ್ಪು. ಅದನ್ನು ಸೇರಿಸಲು ಕನ್ನಡಕನಿಗೆ ಕಾಲು ಗಂಟೆ ಸಾಕಾಯಿತಂತೆ. ಕಾಲು ಗಂಟೆ. ಈ ಮಾತು ನೆನಪಾದಾಗಲೆಲ್ಲ ನಾನು ಹಲ್ಲು ಕಡಿಯುತ್ತೇನೆ.

ನನಗೆ ಕೊಟ್ಟ ಶಿಕ್ಷೆ, ನೋಡದೆ ತುಂಬಿದವಳು ಇನ್ನು ಹೋಗಿ ನೋಡಿ ಬರಲಿ ಎನ್ನುವುದು. ನಲವತ್ತು ಜಾಗವೂ ಈಗ ನನ್ನ ಪಾಲಿಗೆ. ಭಾವ ನನ್ನ ಅಳತೆಗೆ ದಪ್ಪ ಬಟ್ಟೆಯ ಅಂಗಿ ಹೊಲಿದುಕೊಟ್ಟ. ಅಳತೆ ತೆಗೆದುಕೊಳ್ಳುವಾಗ, "ಟೇಪು ಸಾಲಲ್ಲ, ಇನ್ನೊಂದನ್ನ ಗಂಟು ಹಾಕ್ಬೇಕು," ಎಂದ. ಅಂದು ಮನೆಯಲ್ಲಿ ಮೂವರೂ ಮತ್ತೆ ಒಟ್ಟಿಗೆ ಊಟ ಮಾಡಿದೆವು.

ಮೊದಲ ಸುತ್ತಿಗೆ ಹೊರಡುವ ದಿನ ಉಗ್ರಾಣದ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಅಕ್ಕ ಚೌಕ, ಟೇಪು, ಕೊಳವೆ, ಕುಡುಗೋಲು ಕೊಟ್ಟಳು. "ಎಣಿಸೋವಾಗ ಬೈಕೋತಾ ಇರ್ಬೇಡ, ಲೆಕ್ಕ ತಪ್ಪತ್ತೆ," ಎಂದಳು. ಹದಿನೇಳನೆಯ ಜಾಗಕ್ಕೆ ನಾನು ತಲುಪಿದ್ದು ನಾಲ್ಕನೆಯ ದಿನ. ಅಕ್ಕ ಕೊಯ್ದಿದ್ದ ಬಾಗಿಲು ಪೂರಾ ಮುಚ್ಚಿಕೊಂಡಿತ್ತು. ಮತ್ತೆ ಕೊಯ್ದು, ತೆವಳಿ ಒಳಗೆ ಹೋಗಿ, ಒಂದೊಂದು ಮರದ ತೊಗಟೆಯನ್ನೂ ಉಗುರಿನಿಂದ ಕೆರೆದು ಒಳಗೆ ಹಸಿ ಇದೆಯೇ ಎಂದು ನೋಡಿದೆ. ಎರಡು ಸಲ ಎಣಿಸಿದೆ. ಬರೆದೆ.

ಸಂಜೆ ಉಗ್ರಾಣದಲ್ಲಿ ಅಕ್ಕ ಚೌಕ ವಾಪಸು ತೆಗೆದುಕೊಳ್ಳುವ ಮೊದಲು ನನ್ನ ಹಾಳೆಗಳನ್ನು ತಿರುವಿದಳು. ಹದಿನೇಳರಲ್ಲಿ ನಿಂತಳು.

"ಬದುಕಿರೋದು ಎರಡಾ? ನಾಲ್ಕಿತ್ತಲ್ಲ."

"ಎರಡೇ ಅಕ್ಕ."

"ಒಳಗೆ ಹೋಗಿ ನೋಡಿದ್ಯಾ, ಹೊರಗಿಂದಾನೇ ಬರೆದ್ಯಾ?"

ನಾನು ಅಂಗಿಯ ತೋಳು ಮಡಿಸಿ ಎರಡೂ ಕೈ ಅವಳ ಮುಂದೆ ಹಿಡಿದೆ. ಮೊಣಕೈವರೆಗೆ ಗೀರು, ಉಗುರಿನ ಸಂದಿಯಲ್ಲಿ ತೊಗಟೆಯ ಪುಡಿ. ಅವಳು ಕೈಗಳನ್ನು ತಿರುಗಿಸಿ ನೋಡಿದಳು. ಎರಡು ಎಂದು ಇನ್ನೊಮ್ಮೆ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಪುಸ್ತಕ ಎಳೆದುಕೊಂಡು, ಒಂದು ಚೌಕ ವಾಪಸು ಬಂದಿದೆ ಎಂದು ಬರೆದು, ಅದರ ಮುಂದೆ ನನ್ನ ಸಹಿಗೆ ಜಾಗ ಬಿಟ್ಟಳು.